ಇದ್ದಿಲು ಎಣಿಸಿದ ಗೂಟಗಳು

ಸಮುದ್ರದ ಏಟು ಮುರಿಯಲೆಂದು ವಾಲ್ಖೆರೆನ್ ದ್ವೀಪದವರು ದಡದ ಕಟ್ಟೆಯಿಂದ ನೀರಿನೊಳಕ್ಕೆ ಓಕ್ ಗೂಟಗಳನ್ನು ಸಾಲುಸಾಲಾಗಿ ಹೂಳಿದ್ದರು. ಅವುಗಳ ಮೇಸ್ತ್ರಿ ಕ್ರೇನ್ ವಿಸ್ಸೆ. ಮೂವತ್ತೆಂಟು ವರ್ಷ ಅದೇ ಕೆಲಸ. ಓದಿದವರೆಂದರೆ ಅವನಿಗೆ ಕಾಲಕಸ.

ನೆರೆ ದೇಶದಲ್ಲಿ ಯುದ್ಧ ಹತ್ತಿದ ವರ್ಷ, ವಿಧವೆ ಪೀಟರ್ನೆಲ್ ಮನೆಯ ಮಾಳಿಗೆಗೆ ಬೋಸ್ಮಾ ಎಂಬ ಚಿತ್ರಗಾರ ಬಾಡಿಗೆಗೆ ಬಂದ. ದಿನವಿಡೀ ಮರಳ ಮೇಲೆ ಕೂತು ಇದ್ದಿಲಿನಲ್ಲಿ ಗೀಚುವುದೇ ಅವನ ಕಸುಬು. ಅಂಥದೊಂದು ಹಾಳೆ ಅವಳ ಅಡುಗೆಮನೆಯ ಗೋಡೆಗೇರಿತು. ಕಾಫಿ ಕುಡಿಯಲು ಬಂದ ಕ್ರೇನ್ ಅದನ್ನು ನೋಡಿ ಮೂಗು ಮುರಿದ.

"ಏನವ್ವಾ ಇದು, ಕೋಳಿ ಕೆದರಿದ್ದಾ?"

"ಸಮುದ್ರ ಅಂತೆ ಕ್ರೇನಣ್ಣ."

"ನೀರೆಲ್ಲಿ, ದೋಣಿಯೆಲ್ಲಿ? ಕತ್ತೆ ಬಾಲಕ್ಕೆ ಇದ್ದಿಲು ಕಟ್ಟಿದ್ರೂ ಇದಕ್ಕಿಂತ ನೆಟ್ಟಗೆ ಎಳೀತಿತ್ತು."

ರೊಟ್ಟಿ ತಿನ್ನುತ್ತಿದ್ದ ಬೋಸ್ಮಾ ತಲೆಯೆತ್ತಿದ. "ನಡುವೆ ನಿಂತಿರೋವು ನಿಮ್ಮ ಗೂಟಗಳೇ ಮೇಸ್ತ್ರಿ. ಚರ್ಚಿನೆದುರಿನ ಸಾಲು."

ಅಷ್ಟು ಸಾಕಾಯಿತು. ಕಟ್ಟೆಯ ನಕ್ಷೆ ನೋಡುವವನಂತೆ ಕ್ರೇನ್ ಒಂದೊಂದು ಗೆರೆಗೂ ಬೆರಳಿಟ್ಟು ಎಣಿಸಿದ. ಬೆರಳು ಕಪ್ಪಾಯಿತು.

"ನಲವತ್ತು. ಅಲ್ಲಿ ನಲವತ್ತೊಂದು ಐತೆ. ತುದಿಯಿಂದ ಮೂರನೇದನ್ನ ನುಂಗಿದೀರಿ. ಎಣಿಸೋಕೂ ಬರಲ್ವಾ ಸ್ವಾಮಿ?"

"ಕಂಡಷ್ಟು ಬರೆದೆ."

"ಸೋಮವಾರ ಕಟ್ಟೆ ಮಂಡಳಿಯೋರು ತಪಾಸಣೆಗೆ ಬರ್ತಾರೆ. ಒಂದು ಕಮ್ಮಿ ಬಂದ್ರೆ ಅವರ ಮುಂದೇನೇ ಸುತ್ತಿಗೆ ಕೆಳಗಿಟ್ಟು ಕೆಲಸ ಬಿಡ್ತೀನಿ."

ಪೀಟರ್ನೆಲ್ ಬಾಯಿಂದ ಸಂಜೆಯೊಳಗೆ ಅದು ಊರಿಗೆಲ್ಲ ಹಬ್ಬಿತು.

ನೀರು ಇಳಿದಾಗ ಪ್ರತಿ ಗೂಟದ ಬಳಿಗೂ ಹೋಗಿ, ಸುತ್ತಿಗೆಯಲ್ಲಿ ತಟ್ಟಿ, ಟೊಳ್ಳಾಗಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಮೇಸ್ತ್ರಿಯ ಧರ್ಮವೇ ಅದು. ಮಂಡಿ ಸೋತ ಮೇಲೆ, ಎರಡು ಚಳಿಗಾಲದಿಂದ, ಕ್ರೇನ್ ಕಟ್ಟೆಯ ಮೇಲೆ ನಿಂತೇ ಎಣಿಸುತ್ತಿದ್ದ. ಅಲ್ಲಿಂದ ನೋಡಿದರೆ ಗೂಟದ ಹಿಂದೆ ಗೂಟ ಅವಿತಿರುತ್ತದೆ. ಅವನ ಎಣಿಕೆಯ ಈ ಗುಟ್ಟು ಅವನೊಬ್ಬನಿಗೇ ಗೊತ್ತು.

ಭಾನುವಾರ ಪ್ರಾರ್ಥನೆ ಮುಗಿಸಿ, ಕರಿ ಕೋಟಿನಲ್ಲೇ ಮರಳಿಗಿಳಿದ. ತುದಿಯಿಂದ ಮೂರನೆಯ ಜಾಗ ಬರಿದಾಗಿತ್ತು. ಮೊಣಕಾಲಾಳ ನೀರಿನಲ್ಲಿ ಗೂಟದ ಮುರಿದ ಬುಡ ಕೈಗೆ ಸಿಕ್ಕಿತು. ಹುಳು ಕೊರೆದು ಜೇನುಹಟ್ಟಿಯಾಗಿತ್ತು, ಹಿಸುಕಿದರೆ ಪುಡಿಯಾಯಿತು. ಬೇರೊಂದು ಹೊಡೆಯೋಣವೆಂದರೆ ದೇವರ ದಿನ, ಸುತ್ತಿಗೆ ಮುಟ್ಟುವಂತಿಲ್ಲ.

ಸೋಮವಾರ ಮಂಡಳಿಯವರು ಕೇಳುವ ಮೊದಲೇ ಕ್ರೇನ್ "ನಲವತ್ತು" ಎಂದು ಸುತ್ತಿಗೆಯನ್ನು ಮರಳ ಮೇಲಿಟ್ಟ. ಅಲ್ಲಿಂದ ನೇರ ಪೀಟರ್ನೆಲ್ ಅಡುಗೆಮನೆಗೆ ಬಂದ. ಬೋಸ್ಮಾ ಅಲ್ಲೇ ಇದ್ದ.

"ಗೂಟ ಬಿದ್ದದ್ದು ನಿಮಗೆ ಕಂಡಿತ್ತಲ್ಲ, ಯಾಕೆ ಹೇಳ್ಲಿಲ್ಲ?"

"ನಾನು ಗೂಟದ ಲೆಕ್ಕ ಇಡ್ತಿರಲಿಲ್ಲ ಮೇಸ್ತ್ರಿ. ಬೆಳಕು ನೋಡ್ತಿದ್ದೆ."

"ಥೂ. ಊರು ಮುಳುಗೋ ಕಂಡಿ ಕಣ್ಣೆದುರಿಗಿದ್ರೂ ಬೆಳಕು ನೋಡ್ತಾನಂತೆ. ಕಂಡೂ ಹೇಳದ ಕಣ್ಣು ಇದ್ದರೆಷ್ಟು, ಬಿಟ್ಟರೆಷ್ಟು."

"ನೋಡದೇ ಹೇಳೋ ಬಾಯಿ, ಕ್ರೇನಣ್ಣ?" ಎಂದು ಪೀಟರ್ನೆಲ್ ಬಟ್ಟಲು ಮುಂದೆ ಸರಿಸಿದಳು.

ಕ್ರೇನ್ ಚಿತ್ರವಿದ್ದ ಗೋಡೆಗೆ ಬೆನ್ನು ಹಾಕಿ ಕೂತು ಕಾಫಿ ಕುಡಿದ.