ಮಣೆ ನನ್ನದು

ಉಳಿ ಕೈಯಲ್ಲೇ ಇತ್ತು. ಸೊಂಟದಿಂದ ಎಡಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗಾಯಿತು. ಮಣೆಯಿಂದ ಏಳಲು ಆಗಲಿಲ್ಲ.

ಎಂಆರ್‌ಐ ಆಯಿತು. ಸ್ಲಿಪ್ ಡಿಸ್ಕ್. "ನೀಚೆ ಬೈಠನಾ ಬಂದ್" ಎಂದರು ಡಾಕ್ಟರು.

ಇನ್ನು ನೆಲದಲ್ಲಿ ಕೂರುವ ಹಾಗಿಲ್ಲ.

ನಮ್ಮದು ಮರ ಕೆತ್ತುವ ಮನೆತನ. ಸಾಗರದಿಂದ ದೆಹಲಿಯ ಲಕ್ಷ್ಮೀ ನಗರಕ್ಕೆ ಬಂದರೂ ಕೂರುವ ರೀತಿ ಬದಲಾಗಿರಲಿಲ್ಲ. ಗಿಡ್ಡ ಮಣೆಯ ಮೇಲೆ ಕೂತು, ಮರದ ತುಂಡನ್ನು ಎರಡು ಪಾದಗಳ ನಡುವೆ ಅವುಚಿ ಹಿಡಿಯುತ್ತೇವೆ. ಕೈ ಕೆತ್ತುತ್ತದೆ, ಕಾಲು ತಿರುಗಿಸುತ್ತದೆ. ಮೇಜು, ಕುರ್ಚಿ ತಂದು ನೋಡಿದೆ. ಸ್ವಲ್ಪ ಹೊತ್ತಿಗೇ ಸೊಂಟ ಹಿಡಿಯಿತು. ಹಾಸಿಗೆಯಲ್ಲಿ ಒರಗಿ ಕೆತ್ತಲು ಹೋದೆ, ಚಕ್ಕೆಯೆಲ್ಲ ಕಣ್ಣಿಗೆ ಬಿತ್ತು.

ನೋಯ್ಡಾದ ಮೈಸೂರು ಮೇಡಂ ಒಬ್ಬರ ದೇವರ ಮಂಟಪ ಅರ್ಧಕ್ಕೆ ನಿಂತಿತ್ತು. ಬಲಗಡೆಯ ಗಿಳಿ ನಾನು ಮುಗಿಸಿದ್ದೆ. ಎಡಗಡೆಯದನ್ನು ನನ್ನ ಹೆಂಡತಿ ಸುಮಾ ಕೈಗೆತ್ತಿಕೊಂಡಳು. ನನ್ನ ಮಣೆಯ ಮೇಲೆ, ನನ್ನ ಕಿಟಕಿಯ ಬೆಳಕಿನಲ್ಲಿ.

ಅವಳಿಗೆ ಕೆತ್ತನೆ ಕಲಿಸಿದವನೇ ನಾನು. ಈಗ ಹಾಸಿಗೆಯಲ್ಲಿ ಬಿದ್ದುಕೊಂಡು, ಅವಳು ಕೈ ಊರದೆ ಸಲೀಸಾಗಿ ಎದ್ದು ಹೋಗುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಕಾಯಿಲೆ ಬಿದ್ದವನಿಗೆ ಸಿಟ್ಟು ಬರುತ್ತದೆ, ಅಳು ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ಹೆಂಡತಿಯ ಸೊಂಟದ ಮೇಲೆ ಅಸೂಯೆ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಮೇಡಂ ನೋಡಲು ಬಂದರು. ಎಡಗಡೆಯ ಗಿಳಿಯ ಮೇಲೇ ಕೈಯಾಡಿಸಿದರು. "ಇದು ತುಂಬಾ ಚೆನ್ನಾಗಿ ಬಂದಿದೆ. ನಿಮ್ಮದೇ ಅಲ್ವಾ?" ಎಂದು ನನ್ನನ್ನು ಕೇಳಿದರು.

"ಹೌದು, ಅವರದೇ," ಎಂದಳು ಸುಮಾ.

ಅವಳು ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ಮೇಡಂ ಹೋದದ್ದೇ, ಆ ಮಣೆ ನನ್ನದು ಎಂದೆ. ಬಗ್ಗಿ ಎತ್ತುವ ಹಾಗಿರಲಿಲ್ಲವಲ್ಲ, ಕಾಲಿನಿಂದಲೇ ದೂಡಿಕೊಂಡು ಹೋಗಿ ಅಡುಗೆಕಟ್ಟೆಯ ಕೆಳಗೆ ಬಿಟ್ಟೆ. ಸುಮಾ ಚಾಪೆ ಮಡಿಸಿ ಹಾಕಿಕೊಂಡು ಕೂತಳು. ಅವಳಿಗೆ ಮಣೆಯೂ ಬೇಕಿರಲಿಲ್ಲ.

ಮರುದಿನ ಚಹಾಕ್ಕೆ ಹಾಲಿಟ್ಟು ನಿಂತೆ. ಎಡಗಾಲು ತಾನಾಗಿಯೇ ಮಣೆ ಏರಿತು. ಹೊರಗೆ ಏಳುತ್ತಿದ್ದ ಮೆಟ್ರೊ ಕಂಬಗಳನ್ನು ನೋಡುತ್ತಾ, ಹಾಲು ಉಕ್ಕುವವರೆಗೂ ನಿಂತೇ ಇದ್ದೆ.

ನೋವಿರಲಿಲ್ಲ.

ಫಿಸಿಯೋಥೆರಪಿಸ್ಟ್‌ಗೆ ಹೇಳಿದೆ. ಹಾಗೇ ನಿಲ್ಲಬಹುದು, ಆಗಾಗ ಕಾಲು ಬದಲಿಸಿ ಎಂದರು. ಅಡುಗೆಕಟ್ಟೆಗೆ ಕ್ಲ್ಯಾಂಪ್ ಬಿಗಿದು ಮಂಟಪದ ಮೇಲಿನ ಪಟ್ಟಿಯನ್ನು ಸಿಕ್ಕಿಸಿದೆ. ಕಾಲಿನ ಆಸರೆ ಇಲ್ಲದೆ ಕೈಗೆ ಮೊದಮೊದಲು ದಿಕ್ಕೇ ತೋಚಲಿಲ್ಲ. ಕೆತ್ತಿದ ಮೂರು ಎಲೆ ಹಾಳಾದವು. ನಾಲ್ಕನೆಯದು ಎಲೆಯಂತೆ ಕಂಡಿತು. ಸಾರಿನೊಳಗೆ ಬಿದ್ದ ಮರದ ಚಕ್ಕೆಯನ್ನು ಸುಮಾ ಸೌಟಿನಲ್ಲಿ ತೆಗೆದು ಪಕ್ಕಕ್ಕಿಟ್ಟಳು.

ಈಗಲೂ ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಮಾತ್ರ ಕೆಲಸ. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಳ್ಳುತ್ತೇನೆ.

ಮಂಟಪ ಒಯ್ಯಲು ಮೇಡಂ ಬಂದಾಗ ನಾನು ಕಟ್ಟೆಯ ಬಳಿ, ಮಣೆಯ ಮೇಲೆ ಒಂದು ಕಾಲಿಟ್ಟು ನಿಂತಿದ್ದೆ.

"ಎಡಗಡೆಯ ಗಿಳಿ ಇವಳದು," ಎಂದೆ.

ಹೇಳುವಾಗಲೂ ಹೊಟ್ಟೆ ಉರಿಯಿತು. ಆದರೂ ನನ್ನ ಜಾಗದಲ್ಲಿ ನಿಂತೇ ಹೇಳಿದೆ.