ಕವಲಿಗಿಂತ ಮೊದಲಿನ ಹಸಿರು ಚುಕ್ಕೆ

ಇದು ಆಗುವುದಿಲ್ಲ ಅಂದವನು ನನ್ನ ಸೋದರಮಾವ. ದಾಸನಕೊಪ್ಪದಲ್ಲಿ ಅವನದು ಬೀಜ, ಗೊಬ್ಬರ, ಬೆಳೆಯ ಔಷಧಿಯ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಅವನ ಮನೆಯಲ್ಲೇ ಇದ್ದೆವು. ಅದನ್ನು ಮರೆಯಲು ಅವನು ನಮ್ಮನ್ನು ಬಿಡಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದ್ದು ನಾನೇ ಮೊದಲು. ಪಿಎಚ್‌ಡಿಗೆ ಹೊರಟಾಗ, ಶುಂಠಿ ಬೆಳೆಗಾರರು ತುಂಬಿದ್ದ ಅಂಗಡಿಯಲ್ಲೇ ಕೇಳಿದ, "ಅಲ್ಲಿ ಏನ್ ಓದ್ತೀಯವ್ವಾ?"

"ದುಂಡುಹುಳದ ನರ, ಮಾವ."

"ಕೇಳಿದ್ರೇನ್ರಿ? ಬೇರಿನ್ಯಾಗಿನ ಹುಳ ಸಾಯ್ಲಿ ಅಂತ ನೀವು ನನ್ ಅಂಗಡಿಗೆ ಬರ್ತೀರಿ. ನಮ್ ಹುಡುಗಿ ಹುಳ ಸಾಕಾಕ ಹೊಂಟಾಳ."

ಎಲ್ಲರೂ ನಕ್ಕರು. ಅವನು ಅಮ್ಮನ ಕಡೆ ತಿರುಗಿದ. "ಇದು ಆಗಾಂಗಿಲ್ಲ. ಅರ್ಧಕ್ಕ ಬಿಟ್ಟು ಬರ್ತಾಳ. ಬಂದ್ರ ನಾ ಹೇಳಿದ ಹುಡುಗನ್ನ ಲಗ್ನ ಆಗ್ಬೇಕು, ನೋಡು." ಅಮ್ಮ ಹೂಂ ಅಂದಳು. ನನ್ನನ್ನು ಯಾರೂ ಕೇಳಲಿಲ್ಲ.

ಲ್ಯಾಬಿನ ಹುಳ ಬೇರು ತಿನ್ನುವುದಲ್ಲ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ, ಗಾಜಿನಂಥ ಮೈಯ ಪುಟ್ಟ ಹುಳ. ಮಾವನಿಗೆ ಅದನ್ನು ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಚುಚ್ಚಿದ್ದು ತಿಳಿಯಲೆಂದು ಅದರ ಮೈಯುದ್ದಕ್ಕೂ ಚಾಚಿಕೊಂಡ ಒಂದು ನರಕೋಶವಿದೆ. ಹುಳ ಬೆಳೆದ ಹಾಗೆ ಅದು ಕವಲೊಡೆಯುತ್ತದೆ. ಕವಲಿನ ಬುಡದಲ್ಲಿ ಒಂದು ಪ್ರೋಟೀನ್ ಬಂದು ಕೂರುತ್ತದೆ. ಕವಲಿಗಿಂತ ಮೊದಲೇ ಬರುತ್ತದೋ, ಆಮೇಲೋ? ನನ್ನ ಪ್ರಶ್ನೆ ಇಷ್ಟೇ. ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಗುರುತು ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ಕಾಯಬೇಕು.

ನಾನು ಅಂಗಡಿಯಲ್ಲಿ ಬೆಳೆದವಳು. ಬೀಜದ ಶುಂಠಿ ಆರಿಸುವಾಗ ದಪ್ಪ ಗಡ್ಡೆಗೇ ಕೈ ಹೋಗುವುದು. ಹುಳಕ್ಕೂ ಹಾಗೇ ಮಾಡಿದೆ. ತಟ್ಟೆಯಲ್ಲಿ ದಪ್ಪಗೆ ಕಂಡವನ್ನೇ ತಂತಿಯ ತುದಿಯಿಂದ ಎತ್ತಿ, ಒಂದಿಡೀ ಮಳೆಗಾಲ ಚಿತ್ರ ತೆಗೆದೆ. ಬೆಂಗಳೂರು ಕಡೆಯ ನನ್ನ ಗೈಡ್ ಅವನ್ನೆಲ್ಲ ನೋಡಿ ಕನ್ನಡಕ ತೆಗೆದಿಟ್ಟರು.

"ಮದುವೆ ಮುಗಿದ್ಮೇಲೆ ಫೋಟೋದವನು ಬಂದಂಗಿದೆ ಕಣಮ್ಮ. ಇವೆಲ್ಲ ಬಲಿತ ಹುಳ. ಕವಲು ಆಗಲೇ ಮೂಡಿಬಿಟ್ಟಿವೆ. ಯಾವುದು ಮೊದಲು ಅಂತ ಹೆಂಗೆ ಹೇಳ್ತೀಯ?"

ಅಮ್ಮನಿಂದ ಸುದ್ದಿ ಮಾವನಿಗೆ ಮುಟ್ಟಿತು. ಫೋನ್ ಮಾಡಿದ. "ಹುಳಾನೂ ನಿನ್ ಮಾತು ಕೇಳವಲ್ದು? ಹುಡುಗನ ಮನಿಯವ್ರಿಗೆ ಬರ್ರಿ ಅಂತ ಹೇಳ್ಲಿ?"

"ಹೇಳು. ಲಗ್ನಾನೂ ನೀನ ಆಗು," ಎಂದು ಇಟ್ಟುಬಿಟ್ಟೆ.

ಆಮೇಲೆ, ಶುಂಠಿಯಾಗಿದ್ದರೆ ಆಚೆಗೆ ಎಸೆಯುವಂಥ ಬಡಕಲು ಎಳೆಹುಳಗಳನ್ನೇ ಆರಿಸಿದೆ. ಒಂದೇ ಹುಳವನ್ನು ಮತ್ತೆ ಮತ್ತೆ ನೋಡಿದೆ. ನುಣ್ಣಗಿದ್ದ ನರದ ಮೇಲೆ, ಏನೂ ಇಲ್ಲದ ಜಾಗದಲ್ಲಿ, ಹಸಿರು ಚುಕ್ಕೆ. ಕಾದೆ. ಅಲ್ಲಿಂದಲೇ ಕವಲು ಎದ್ದಿತು. ಬೇರೆ ಹುಳಗಳಲ್ಲೂ ಹಾಗೇ. ಆ ಪ್ರೋಟೀನ್ ಹುಟ್ಟದಂತೆ ಮಾಡಿದ ಹುಳದಲ್ಲಿ ನರ ಬೋಳಾಗಿಯೇ ಉಳಿಯಿತು. ಸಂತೋಷಕ್ಕಿಂತ ಮೊದಲು ನನಗೆ ಮಾವನ ಮುಖ ನೆನಪಾಯಿತು.

ಪದವಿ ಪತ್ರ ಹಿಡಿದು ಬಸ್ಸಿಳಿದವಳು ನೇರ ಅಂಗಡಿಗೇ ಹೋದೆ. ಗಿರಾಕಿಗಳಿದ್ದರು. ಅಮ್ಮ ಮೂಲೆಯಲ್ಲಿ ಖಾಲಿ ಚೀಲ ಮಡಚುತ್ತಿದ್ದಳು. ನಮ್ಮಲ್ಲಿ ಇಂಥದ್ದನ್ನು ಮನೆಯ ಹಿರಿಯನ ಕೈಗೆ ಕೊಟ್ಟು ಕಾಲಿಗೆ ಬೀಳಬೇಕು. ಮಾವ ಕೂತಲ್ಲಿಂದಲೇ ಕೈ ಚಾಚಿದ. ನಾನು ಅವನನ್ನು ದಾಟಿ ಹೋಗಿ ಅಮ್ಮನಿಗೆ ಕೊಟ್ಟೆ.

ಅಮ್ಮನಿಗೆ ಓದು ಬಾರದು. ಸೆರಗಿಗೆ ಕೈ ಒರೆಸಿಕೊಂಡು, ಮುದ್ರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಎದ್ದು ಹೋಗಿ ಅದನ್ನು ತನ್ನ ಅಣ್ಣನ ಮುಂದೆ ಇಟ್ಟಳು.

"ಓದಣ್ಣಾ," ಎಂದಳು. "ಮಂದಿಗೆ ಕೇಳೂವಂಗ ಓದು."