ಹಣೆಯ ಮೇಲೆ ಆಡಿದ ಬ್ಲೇಡು

ಅರವತ್ತರ ದಶಕದ ಆರಂಭದಲ್ಲಿ, ಉಡುಪಿಯ ಒಂದು ವಾರಪತ್ರಿಕೆಯಲ್ಲಿ ನಾನು ಭಾವಚಿತ್ರಗಳನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದೆ. ನಮ್ಮ ಕುಟುಂಬದಲ್ಲಿ ಪದವಿ ಪಡೆದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಬಿ.ಎ. ಓದಿಯೂ ಕುಂಚ ಹಿಡಿದು ಕುಳಿತವನನ್ನು ಕಂಡು ಹಿರಿಯ ಅಚ್ಚುಮೊಳೆ ಜೋಡಣೆಗಾರರು, "ಎಂತ ಮಾರಾಯ್ರೆ, ಕಾಲೇಜಿನಲ್ಲಿ ಮುಖಕ್ಕೆ ಸುಣ್ಣ ಬಳಿಯುವುದನ್ನೂ ಕಲಿಸ್ತಾರಾ?" ಎಂದು ಕೇಳುತ್ತಿದ್ದರು.

ಅವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ನಮ್ಮ ಅಗ್ಗದ ಕಾಗದವು ಶಾಯಿಯನ್ನು ಹೀರಿ ಎಲ್ಲ ಮುಖಗಳನ್ನೂ ಕಪ್ಪಾಗಿಸುತ್ತಿತ್ತು. ಆದುದರಿಂದ ಪಟದ ಹಿನ್ನೆಲೆಗೆ ಬಿಳಿ ಬಣ್ಣ ಹಚ್ಚಿ, ಕೂದಲಿನ ಅಂಚನ್ನು ತಿದ್ದಿ, ಬೇಡದ ಕಲೆಗಳನ್ನು ಕ್ಷೌರದ ಬ್ಲೇಡಿನ ಮೂಲೆಯಿಂದ ಹಗುರವಾಗಿ ಹೆರೆದು ತೆಗೆಯಬೇಕಾಗಿತ್ತು. ಬೇಕಾದ ಅಳತೆಯನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತಿಸಿ, ಅಚ್ಚೊತ್ತುವ ಸತುವಿನ ಫಲಕ, ಅಂದರೆ ಬ್ಲಾಕ್, ಮಾಡಿಸಲು ಮಂಗಳೂರಿನ ಬಸ್ಸಿನಲ್ಲಿ ಕಳುಹಿಸುತ್ತಿದ್ದೆವು. ಬಿಳಿ ಬಣ್ಣವನ್ನು ಒದ್ದೆ ಹತ್ತಿಯಿಂದ ಒರೆಸಿಬಿಡಬಹುದು. ಹೆರೆದದ್ದು ಮಾತ್ರ ಮರಳಿ ಬರುವುದಿಲ್ಲ.

ಒಮ್ಮೆ ಕಾಪುವಿನಿಂದ ಒಬ್ಬರು ತಮ್ಮ ತಾಯಿಯ ಉತ್ತರಕ್ರಿಯೆಯ ಪ್ರಕಟಣೆಗಾಗಿ ಪಟವೊಂದನ್ನು ತಂದರು. ಎರಡು ರಟ್ಟುಗಳ ನಡುವೆ ಇಟ್ಟು, ಹೆಗಲ ಬೈರಾಸು ವಸ್ತ್ರದಲ್ಲಿ ಸುತ್ತಿದ್ದರು. ಕಾರ್ಕಳದ ಸ್ಟುಡಿಯೋದಲ್ಲಿ ತೆಗೆಸಿದ ಪಟ: ತಂದೆ ಕುರ್ಚಿಯಲ್ಲಿ ಕುಳಿತಿದ್ದಾರೆ, ತಾಯಿ ಪಕ್ಕದಲ್ಲಿ ನಿಂತಿದ್ದಾರೆ.

"ಇಬ್ಬರದ್ದೂ ಇದೊಂದೇ ಇರುವುದು. ಪೇಪರಿಗೆ ಅಮ್ಮನದ್ದು ಮಾತ್ರ ಸಾಕು. ಪಟ ಹಾಗೆಯೇ ವಾಪಸು ಬೇಕು ಆಯ್ತಾ?" ಎಂದರು.

"ಖಂಡಿತವಾಗಿ," ಎಂದೆ.

ಅದರ ಹಿಂದಿನ ವಾರ ಪಡುಬಿದ್ರಿಯ ಹಿರಿಯರೊಬ್ಬರ ಪಟವು ಎಡಬಲ ಅದಲುಬದಲಾಗಿ ಅಚ್ಚಾಗಿತ್ತು. ಶಾಲು ಇನ್ನೊಂದು ಹೆಗಲಿಗೆ ಹೋದದ್ದನ್ನು ತಿಳಿಸಿ ಬಂದ ಓದುಗರ ಪತ್ರವನ್ನು ಸಂಪಾದಕರು ಎಲ್ಲರೆದುರು ಓದಿದ್ದರು. ಇನ್ನೊಂದು ಪತ್ರ ಬರಬಾರದೆಂಬುದೇ ಆಗ ನನ್ನ ಚಿಂತೆಯಾಗಿತ್ತು. ತಾಯಿಯೊಬ್ಬರೇ ಉಳಿಯುವಂತೆ ಈ ಪಟದಲ್ಲಿ ತಂದೆಯ ಹೆಗಲಿಗೆ ಬಿಳಿ ಹಚ್ಚಿದೆ. ಪ್ರಕಟಣೆಯ ಒಕ್ಕಣೆಯನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ತಂದೆಯ ಹೆಸರಿಗೆ ಮೊದಲು 'ದಿವಂಗತ' ಎಂದಿತ್ತು. ಪಟದಲ್ಲಿ ತಾಯಿಯ ಹಣೆಯ ಮೇಲೆ ದುಂಡಗಿನ ಕುಂಕುಮವಿತ್ತು. ವಿಧವೆಯೊಬ್ಬರ ಹಣೆಯಲ್ಲಿ ಕುಂಕುಮ ಅಚ್ಚಾದರೆ ಓದುಗರು ಸುಮ್ಮನಿರಲಾರರು ಎನ್ನಿಸಿತು. ಯಾರನ್ನೂ ಕೇಳಲಿಲ್ಲ, ಕೇಳಿದರೆ ತಿಳಿಯದವನೆನಿಸಿಕೊಳ್ಳುವ ಭಯ. ಬ್ಲೇಡನ್ನು ಎತ್ತಿಕೊಂಡು ಬೊಟ್ಟನ್ನು ಹೆರೆದು ತೆಗೆದೆ. ಕೆಲಸ ಅಚ್ಚುಕಟ್ಟಾಗಿಯೇ ಆಗಿತ್ತು.

ಪ್ರಕಟಣೆಯ ಬಗ್ಗೆ ಯಾರೂ ಪತ್ರ ಬರೆಯಲಿಲ್ಲ. ಉತ್ತರಕ್ರಿಯೆ ಮುಗಿಸಿ ಅವರು ಪಟಕ್ಕಾಗಿ ಬಂದರು. ನಾನು ಬಿಳಿ ಬಣ್ಣವನ್ನೆಲ್ಲ ಒರೆಸಿ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಅಮ್ಮನ ಬೊಟ್ಟು ಎಲ್ಲಿ?"

"ತಂದೆಯವರು ತೀರಿಕೊಂಡಿದ್ದಾರೆಂದು ತಾವೇ ಬರೆದುಕೊಟ್ಟಿದ್ದಿರಿ. ಆದುದರಿಂದ..."

"ತೀರಿಕೊಂಡದ್ದು ಆಮೇಲೆ ಮಾರಾಯ್ರೆ! ಪಟದಲ್ಲಿ ಅಪ್ಪ ಇದ್ದಾರಲ್ಲ? ಪಕ್ಕದಲ್ಲಿಯೇ ಕೂತಿದ್ದಾರೆ. ನಿಮಗೆ ಕಾಣುವುದಿಲ್ವಾ?"

ಮೊಳೆ ಜೋಡಣೆಗಾರರ ಕೈ ನಿಂತಿತು.

"ಪೇಪರಿನಲ್ಲಿ ಎಂತ ಬೇಕಾದರೂ ಮಾಡಿಕೊಳ್ಳಿ. ಇದು ಮನೆಯ ಗೋಡೆಯದ್ದು. ಅಪ್ಪ ಹೋದ ದಿನ ಅಮ್ಮನ ಬೊಟ್ಟು ಅಳಿಸಿದ್ದನ್ನು ನಾನು ಕಂಡಿದ್ದೇನೆ. ಇನ್ನೊಮ್ಮೆ ಅಳಿಸಲಿಕ್ಕೆ ನಿಮಗೆ ಹೇಳಿದವರು ಯಾರು?"

ತಪ್ಪು ನನ್ನದೆಂದು ಹೇಳಿ, ಬೊಟ್ಟನ್ನು ಮತ್ತೆ ಶಾಯಿಯಲ್ಲಿ ಬರೆದುಕೊಡಬಹುದೇ ಎಂದು ಕೇಳಿದೆ. ಅವರು ಪಟವನ್ನು ಮೇಜಿನ ಮೇಲೆ ಇಟ್ಟರು. ನಾನು ಮೊದಲು ಬೇರೆ ಕಾಗದದ ಮೇಲೆ ನಾಲ್ಕೈದು ಬೊಟ್ಟು ಬರೆದೆ. ಅವರು ಒಂದೊಂದನ್ನೇ ನೋಡಿದರು.

"ಸಣ್ಣದಾಯಿತು. ಅಮ್ಮ ಅಷ್ಟು ಸಣ್ಣದು ಇಡ್ತಿರಲಿಲ್ಲ. ಹಾಂ, ಇದು. ಹುಬ್ಬಿಗಿಂತ ಸ್ವಲ್ಪ ಮೇಲೆ."

ಹೆರೆದ ಜಾಗವು ಶಾಯಿಯನ್ನು ಬೇಗನೆ ಹೀರಿಕೊಂಡಿತು. ಅಂಚು ಒಂದು ಬದಿಗೆ ಸ್ವಲ್ಪ ಹರಡಿತು. ಅದನ್ನು ತಿದ್ದಲು ಕುಂಚ ಎತ್ತಿದಾಗ ಅವರು ನನ್ನ ಮಣಿಕಟ್ಟನ್ನು ಹಿಡಿದರು.

"ಸಾಕು. ಇನ್ನು ಮುಟ್ಟಬೇಡಿ."

ಶಾಯಿ ಒಣಗುವವರೆಗೆ ಅವರು ಪಟದ ಮುಂದಿನಿಂದ ಕದಲಲಿಲ್ಲ.